ಪೇಟಿಯ ಷಡ್ಜ

ಹಳೆಯ ವಾದ್ಯವೊಂದನ್ನು ದುರಸ್ತಿ ಮಾಡಿಸುವುದೆಂದರೆ ಏನನ್ನು ಮರಳಿ ಪಡೆಯುವುದು? ಮರದ ಹೊಳಪನ್ನೆ, ನಾದವನ್ನೆ, ಅಥವಾ ಅದನ್ನು ನುಡಿಸಿದವರ ಹೆಸರನ್ನೆ? ಈ ಪ್ರಶ್ನೆಯನ್ನು ನಾನಾಗಿ ಕೇಳಿಕೊಂಡವನಲ್ಲ. ಕಳೆದ ಮಳೆಗಾಲದ ಕೊನೆಯಲ್ಲಿ ಖಾನಾಪುರದ ಮಿತ್ರರೊಬ್ಬರು ತಮ್ಮ ಮನೆಯ ಹಿಂದಣ ಕೋಣೆಯಿಂದ ಹೊರತೆಗೆಸಿದ ಒಂದು ಲೆಗ್ ಹಾರ್ಮೋನಿಯಂ ಅದನ್ನು ನನ್ನ ಮುಂದೆ ತಂದಿಟ್ಟಿತು. ಇಂದಿನ ತರುಣ ವಾಚಕರಲ್ಲಿ ಹಲವರು ಆ ವಾದ್ಯವನ್ನು ನೋಡಿರಲಾರರು. ಕಾಲಬುಡದಲ್ಲಿರುವ ಎರಡು ಹಲಗೆಗಳನ್ನು ಒಂದಾದಮೇಲೊಂದರಂತೆ ತುಳಿದು ತಿದಿಗೆ ಗಾಳಿ ತುಂಬಿ, ಎರಡೂ ಕೈಗಳನ್ನು ಮನೆಗಳ ಮೇಲೆ ಆಡಿಸಲು ಅನುವಾಗುವಂತೆ ಮಾಡಿದ ಪೇಟಿ ಅದು. ನಾಟಕ ಕಂಪನಿಗಳ ಕಾಲದಲ್ಲಿ ಪೇಟಿ ಮಾಸ್ತರರು ಅದರ ಮುಂದೆ ಕುಳಿತು ಕಾಲೂರಿದರೆಂದರೆ ನಾಂದಿಗೆ ವೇಳೆಯಾಯಿತೆಂದು ಪ್ರೇಕ್ಷಕರು ತಿಳಿಯುತ್ತಿದ್ದರು.

ಒಂದು ಕಾಲದಲ್ಲಿ ಬಹು ಹೆಸರಾಗಿದ್ದ ವಾದಕರೊಬ್ಬರು ಈ ಪೇಟಿಯನ್ನು ನುಡಿಸುತ್ತಿದ್ದರೆಂದೂ, ಕಂಪನಿಯ ಸಹವಾಸ ಬಿಟ್ಟಾಗ ತಮ್ಮ ಅಜ್ಜನವರಿಗೆ ಕೊಟ್ಟರೆಂದೂ ಮಿತ್ರರ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮನೆಯ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಮನೆಯ ಮಾತೊಂದೇ ಆಧಾರವಾಗಿರುವಾಗ ಅಚ್ಚಿನಲ್ಲಿ ಹೆಸರು ಹಾಕುವುದು ಉಚಿತವಲ್ಲ.

ಬೆಳಗಾವಿಯ ಸೀಮೆಯಲ್ಲಿ ಇಂಥದೊಂದು ಪೇಟಿ ದೊರೆತುದರಲ್ಲಿ ಆಶ್ಚರ್ಯವೇನೂ ಇಲ್ಲ. ೧೮೮೦ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿ ನಡೆಸಿದ ಏಣಗಿ ಬಾಳಪ್ಪನವರೂ ಈ ಜಿಲ್ಲೆಯವರೇ. ಕುಮಾರ ಗಂಧರ್ವರು ೧೯೨೪ರಲ್ಲಿ ಜನಿಸಿದ ಸುಳೇಭಾವಿ ನಗರದಿಂದ ದೂರವಿಲ್ಲ. ಪೇಟಿಯ ವಿಷಯಕ್ಕೇ ಬಂದರೆ, ವಿಠ್ಠಲರಾವ ಕೋರಗಾಂವಕರರ ಊರು ಬೆಳಗಾವಿ. ರಾಮಭಾವು ವಿಜಾಪುರೆಯವರು (೧೯೧೭–೨೦೧೦) ದಶಕಗಳ ಕಾಲ ಶಿಷ್ಯರಿಗೆ ಪಾಠ ಹೇಳುತ್ತ, ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಡುತ್ತ ಬಾಳಿದ್ದೂ ಇಲ್ಲಿಯೇ. ಎರಡು ಭಾಷೆಗಳ ರಂಗಭೂಮಿ ಒಂದೇ ಪೇಟಿಯ ಗಾಳಿಯಲ್ಲಿ ಉಸಿರಾಡಿದ ನೆಲವಿದು.

ಪೇಟಿಯ ಸ್ಥಿತಿ ಮಾತ್ರ ಕರುಣಾಜನಕವಾಗಿತ್ತು. ಮಲಪ್ರಭೆಯ ದಂಡೆಯ ಆ ಊರಿನಲ್ಲಿ ಮಳೆಯೆಂದರೆ ಸಹ್ಯಾದ್ರಿಯ ಮಳೆ. ಮನೆಯ ಗೋಡೆಗಳೂ ಬೆವರುತ್ತವೆ. ತಿದಿಯ ತೊಗಲು ಬಿರುಸಾಗಿ ಮಡಿಕೆ ಮಡಿಕೆಯಲ್ಲಿ ಒಡೆದಿತ್ತು. ಮನೆಗಳ ಕೆಳಗಿನ ಬನಾತನ್ನು ನುಸಿ ತಿಂದಿತ್ತು. ಸ್ಪ್ರಿಂಗುಗಳಿಗೆ ತುಕ್ಕು, ಹಿತ್ತಾಳೆಯ ರೀಡುಗಳಿಗೆ ಕಿಲುಬು. ಬೆಳಗಾವಿಯ ಶಹಾಪುರದಲ್ಲಿ ವಾದ್ಯ ದುರಸ್ತಿ ಮಾಡುವ ವಯೋವೃದ್ಧ ಮಿಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆವು. ಅವರು ಮುಚ್ಚಳ ತೆಗೆದು, ಒಂದು ರೀಡನ್ನು ಬಿಚ್ಚಿ, ಅಂಗಿಯ ಚುಂಗಿನಿಂದ ಒರೆಸಿ, ತುಟಿಗಿಟ್ಟು ಊದಿದರು. ಸಣ್ಣದಾಗಿ, ಆದರೆ ಸ್ವಚ್ಛವಾಗಿ, ಸ್ವರ ಹೊರಟಿತು. "ಉಸಿರು ಹೋಗೇತ್ರಿ ಅಷ್ಟ, ಸಾಹೇಬ್ರ. ದನಿ ಹೋಗಿಲ್ಲ," ಎಂದರು.

ಮಿತ್ರರ ಇಚ್ಛೆ, ಪೇಟಿಗೆ ಹೊಳೆಯುವ ಪಾಲಿಶ್ ಕೊಡಿಸಿ, ಆ ಹೆಸರಾಂತ ವಾದಕರ ಹೆಸರನ್ನು ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಿ, ನಡುಮನೆಯಲ್ಲಿ ಗಾಜಿನ ಕಪಾಟಿನೊಳಗೆ ಇಡಬೇಕೆಂದು. ಗಾಯನ ಕಲಿಯುತ್ತಿರುವ ಅವರ ಮಗಳ ಇಚ್ಛೆ, ಅದನ್ನು ನುಡಿಸಬೇಕೆಂದು. ತೀರ್ಪು ಹೇಳುವ ಹೊಣೆ ನನ್ನ ಪಾಲಿಗೆ ಬಂತು. ನಾನು ಮಗಳ ಪಕ್ಷ ವಹಿಸಿದೆ. ಅದು ತಪ್ಪಲ್ಲವೆಂದು ಈಗಲೂ ನಂಬಿದ್ದೇನೆ. ಆದರೆ ಆ ಸರಿಯಾದ ತೀರ್ಪಿನ ಉತ್ಸಾಹದಲ್ಲಿ ನಾನೊಂದು ತಪ್ಪು ಮಾಡಿದೆ. ಈ ಲೇಖನ ಬರೆಯಲು ಮುಖ್ಯ ಕಾರಣ ಅದೇ.

ಹೊಸ ತೊಗಲು, ಹೊಸ ಬನಾತು, ಹೊಸ ಸ್ಪ್ರಿಂಗು, ಇವು ಬಂದವು. ಇವುಗಳಲ್ಲಿ ಯಾವುದೂ ವಾದ್ಯದ ಆತ್ಮವನ್ನು ಮುಟ್ಟುವುದಿಲ್ಲ. ನಾಳೆ ಇನ್ನೊಬ್ಬರು ಬಂದು ಇವನ್ನು ತೆಗೆದು ಬೇರೆ ಹಾಕಬಹುದು. ತಿದಿ ಗಾಳಿ ಹಿಡಿಯಿತು. ಅನಂತರ ಶ್ರುತಿಯ ಕೆಲಸ. ರೀಡು ಎಂದರೆ ಹಿತ್ತಾಳೆಯ ಚೌಕಟ್ಟಿಗೆ ಒಂದು ತುದಿಯಲ್ಲಿ ಬಿಗಿದ ತೆಳುವಾದ ನಾಲಗೆ. ಅದರ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಎರಡು ದಿಕ್ಕಿಗೂ ದಾರಿಯುಂಟು. ಆದರೆ ಎರಡೂ ದಾರಿಯಲ್ಲಿ ಲೋಹ ಕಳೆಯುತ್ತದೆಯೇ ಹೊರತು ಕೂಡುವುದಿಲ್ಲ. ಮಿಸ್ತ್ರಿಯವರು ತಮ್ಮ ಮೊಬೈಲಿನ ಶ್ರುತಿಯಂತ್ರವನ್ನು ಮುಂದಿಟ್ಟು ಒಂದೊಂದೇ ಮನೆ ಒತ್ತಿ ನೋಡಿದರು. ಎಲ್ಲ ಸ್ವರಗಳೂ ಯಂತ್ರದ ಗೆರೆಗಿಂತ ಕೆಳಗೆ! "ಎಲ್ಲಾ ಇಳದಾವ್ರಿ. ಕೆರದು ಏರಸೂದೇನ್ರಿ?" ಎಂದು ಕೇಳಿದರು. ಏರಿಸಿರೆಂದು ನಾನು ಹೇಳಿದೆ. ಅಂದು ಸಂಜೆಯೊಳಗೆ ಮಧ್ಯ ಸಪ್ತಕದ ಹನ್ನೆರಡು ರೀಡುಗಳ ಕೆಲಸ ಮುಗಿಯಿತು.

ಮರುದಿನ ಕೆಲಸ ನಿಲ್ಲಿಸಿದವರು ಮಿಸ್ತ್ರಿಯವರೇ, ನಾನಲ್ಲ. "ಇವು ಕೆಟ್ಟು ಇಳದಿಲ್ರಿ. ಕೆಟ್ಟಿದ್ರ ಒಂದೊಂದು ಒಂದೊಂದು ಕಡೆ ಹೋಗಿರತಿದ್ದು. ಇವೆಲ್ಲಾ ಒಂದ ಅಳತೀಲೆ ಇಳದಾವು," ಎಂದರು. ಆ ಮಾತು ನನ್ನನ್ನು ಪುಸ್ತಕಗಳ ಕಡೆಗೆ ಓಡಿಸಿತು. ಹಾರ್ಮೋನಿಯಂ ಫ್ರಾನ್ಸಿನ ಕೂಸು. ೧೮೪೦ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬ್ಯಾನ್ ಎಂಬಾತ ಅದಕ್ಕೆ ಆ ಹೆಸರಿಟ್ಟು ಹಕ್ಕುಪತ್ರ ಪಡೆದ. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ನುಡಿಸುವ ಕೈಪೇಟಿಯಾಗಿಸಿದ್ದು ಆ ಶತಮಾನದ ಕೊನೆಯ ಭಾಗದಲ್ಲಿ. ಫ್ರೆಂಚ್ ಸರಕಾರವು ೧೮೫೯ರಲ್ಲಿ ವಾದ್ಯಗಳ ಶ್ರುತಿಗೆ ಒಂದು ಕಟ್ಟಳೆ ಮಾಡಿತು: ನಾವು ಬಿಳಿ ಆರು ಎನ್ನುವ ಮನೆಯ ಸ್ವರ ಸೆಕೆಂಡಿಗೆ ೪೩೫ ಸಲ ಕಂಪಿಸತಕ್ಕದ್ದು. ಇಂದು ನಮ್ಮ ಯಂತ್ರಗಳು ಅನುಸರಿಸುವ ೪೪೦ರ ಅಳತೆಗೆ ೧೯೩೯ರ ಲಂಡನ್ ಸಮ್ಮೇಳನದಲ್ಲಿ ಒಪ್ಪಿಗೆ ದೊರೆಯಿತು. ಎರಡರ ನಡುವಣ ಅಂತರ ಅರ್ಧಸ್ವರದ ಐದನೆಯ ಒಂದು ಭಾಗ. ನಮ್ಮ ಪೇಟಿ ಇಳಿದಿದ್ದುದು ಹೆಚ್ಚುಕಡಿಮೆ ಅಷ್ಟೇ. ಅದು ಬೇಸುರಾಗಿರಲಿಲ್ಲ, ತಾನು ಹುಟ್ಟಿದ ಕಾಲದ ಷಡ್ಜವನ್ನು ಹಿಡಿದುಕೊಂಡು ಕತ್ತಲ ಕೋಣೆಯಲ್ಲಿ ನಿಂತಿತ್ತು.

ಹಿಂದುಸ್ತಾನಿ ಸಂಗೀತದಲ್ಲಿ ಷಡ್ಜಕ್ಕೆ ಕಟ್ಟಳೆಯಿಲ್ಲ. ಗಾಯಕನ ಕಂಠ ಎಲ್ಲಿ ನಿಲ್ಲುವುದೋ ಅಲ್ಲಿ ಷಡ್ಜ. ತಂಬೂರಿ, ತಬಲಾಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಅಂದಮೇಲೆ ಈ ಪೇಟಿಯನ್ನು ೪೪೦ಕ್ಕೆ ಏರಿಸುವ ಅಗತ್ಯವಾದರೂ ಏನಿತ್ತು? ತಂಬೂರಿಯ ಕಿವಿ ಒಂದಿಷ್ಟು ತಿರುವಿದ್ದರೆ ಆಗಿಹೋಗುತ್ತಿತ್ತು. ತಿರುವಬಹುದಾದುದನ್ನು ಬಿಟ್ಟು ಕೆರೆಯಬಾರದುದನ್ನು ಕೆರೆಸಿದೆ.

ಇಷ್ಟಕ್ಕೇ ಮುಗಿದಿದ್ದರೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಉಳಿದ ಸಪ್ತಕಗಳನ್ನು ಅಳೆದು ಬರೆದುಕೊಳ್ಳುವಾಗ ಎರಡು ಸ್ವರಗಳು ಉಳಿದವುಗಳಿಗಿಂತಲೂ ಇನ್ನಷ್ಟು ಕೆಳಗಿರುವುದು ಕಂಡಿತು: ಬಿಳಿ ನಾಲ್ಕು ಮತ್ತು ಕರಿ ಐದು. ಭೂತಗನ್ನಡಿ ಹಿಡಿದು ನೋಡಿದಾಗ ಆ ರೀಡುಗಳ ಬುಡದಲ್ಲಿ ಮಾತ್ರ ಸಣ್ಣ ಅರದ ಗೀರುಗಳು. ಕಾರಖಾನೆಯ ಗೀರುಗಳಂತೆ ಸಾಲಾಗಿಲ್ಲ, ಕೈಯಿಂದ ನಿಧಾನವಾಗಿ ಮಾಡಿದವು. ಕರಿ ಒಂದನ್ನು ಷಡ್ಜವಾಗಿಟ್ಟುಕೊಂಡರೆ ಬಿಳಿ ನಾಲ್ಕು ಶುದ್ಧ ಗಾಂಧಾರ, ಕರಿ ಐದು ಶುದ್ಧ ಧೈವತ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡುವ ಪಾಶ್ಚಾತ್ಯ ಕ್ರಮದಲ್ಲಿ ಗಾಂಧಾರವು ತಂಬೂರಿಯಲ್ಲಿ ತಾನಾಗಿ ಕೇಳಿಸುವ ಸ್ವಯಂಭೂ ಗಾಂಧಾರಕ್ಕಿಂತ ಅರ್ಧಸ್ವರದ ಸುಮಾರು ಏಳನೆಯ ಒಂದು ಭಾಗದಷ್ಟು ಮೇಲೆ ಬೀಳುತ್ತದೆ. ಧೈವತವೂ ಹಾಗೆಯೇ ತುಸು ಮೇಲೆ. ಈ ಪೇಟಿಯನ್ನು ನುಡಿಸಿದ ಯಾರೋ ಒಬ್ಬರಿಗೆ ಆ ಗಾಂಧಾರ ಕಿವಿಯಲ್ಲಿ ಮುಳ್ಳಾಗಿರಬೇಕು. ಅವರು ಅರ ಹಿಡಿದು ಅದನ್ನು ತಮ್ಮ ತಂಬೂರಿಯ ಹತ್ತಿರಕ್ಕೆ ಇಳಿಸಿಕೊಂಡಿದ್ದಾರೆ.

ಪೇಟಿಯ ಮೇಲೆ ಎಂಥೆಂಥ ಆಪಾದನೆಗಳು ಬಂದವೆಂಬುದನ್ನು ಬಲ್ಲವರಿಗೆ ಈ ಗೀರುಗಳ ಬೆಲೆ ತಿಳಿಯುತ್ತದೆ. ರವೀಂದ್ರನಾಥ ಠಾಕೂರರಿಗೆ ಅದು ಹಿಡಿಸಲಿಲ್ಲ. ದೆಹಲಿ ರೇಡಿಯೋ ಕೇಂದ್ರದಲ್ಲಿದ್ದ ಆಂಗ್ಲ ಸಂಗೀತಜ್ಞ ಜಾನ್ ಫೌಲ್ಡ್ಸ್ ಅದರ ವಿರುದ್ಧ ಬರೆದರು. ೧೯೪೦ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. ಆ ನಿರ್ಬಂಧ ಒಂದಿಷ್ಟು ಸಡಿಲವಾಗಲು ೧೯೭೧ರವರೆಗೆ ಕಾಯಬೇಕಾಯಿತು. ಅದಕ್ಕೆ ಮೀಂಡ್ ಇಲ್ಲ, ಗಮಕವಿಲ್ಲ, ಅದರ ಸ್ವರಸ್ಥಾನಗಳು ನಮ್ಮವಲ್ಲ ಎಂಬುದು ಆಕ್ಷೇಪಣೆ. ಆಕ್ಷೇಪಣೆಯಲ್ಲಿ ನಿಜಾಂಶವಿಲ್ಲವೆಂದು ನಾನು ಹೇಳಲಾರೆ. ನೆರೆಯ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೊಡಗೂಡಿ ಇಪ್ಪತ್ತೆರಡು ಶ್ರುತಿಗಳ ಪೇಟಿಯನ್ನೇ ಮಾಡಿಸಲು ಹೊರಟದ್ದು ಇದೇ ಕೊರತೆಯನ್ನು ನೀಗಲೆಂದು. ಆದರೆ ಗ್ರಂಥ ಬರೆಯದೆ, ವಾದಕ್ಕಿಳಿಯದೆ, ತನ್ನ ಅನ್ನದ ವಾದ್ಯದ ಎರಡು ಸ್ವರಗಳನ್ನು ತಾನೇ ತಿದ್ದಿಕೊಂಡು ಸುಮ್ಮನಾದ ಒಬ್ಬ ಪೇಟಿ ಮಾಸ್ತರ ಕೂಡ ಆ ಆಕ್ಷೇಪಣೆಗೆ ಉತ್ತರ ಕೊಟ್ಟವನೇ ಅಲ್ಲವೆ? ಷಡ್ಜ ಬದಲಾಯಿಸಿದರೆ ಆ ತಿದ್ದುಪಡಿ ಉಪಯೋಗಕ್ಕೆ ಬಾರದು, ನಿಜ. ಆದರೆ ಆತ ಯಾರಿಗೆ ಸಾಥ್ ಕೊಡುತ್ತಿದ್ದನೋ ಅವರ ಷಡ್ಜಕ್ಕೆ ಅದು ಸಾಕಾಗಿತ್ತು.

ಇನ್ನು ನನ್ನ ತಪ್ಪಿನ ಪರಿಣಾಮ. ಮಧ್ಯ ಸಪ್ತಕವೇ ಎಲ್ಲಕ್ಕಿಂತ ಹೆಚ್ಚಾಗಿ ನುಡಿಯುವ ಸಪ್ತಕ. ಆತನ ಕೈಕೆಲಸ ಅತ್ಯಂತ ಜಾಗರೂಕವಾಗಿದ್ದುದೂ ಅಲ್ಲಿಯೇ ಇರಬೇಕು. ಅದನ್ನೇ ನಾವು ಮೊದಲು ಯಂತ್ರದ ಗೆರೆಗೆ ಏರಿಸಿದ್ದೆವು. ಬುಡದ ಗೀರುಗಳು ಇಂದಿಗೂ ಅಲ್ಲಿವೆ. ಗುರುತು ಉಳಿದಿದೆ, ಅದು ಹೇಳುತ್ತಿದ್ದ ಮಾತು ಹೋಗಿದೆ. ಮಿಸ್ತ್ರಿಯವರು ಉಳಿದ ಸಪ್ತಕಗಳನ್ನು ಆಧಾರವಾಗಿಟ್ಟುಕೊಂಡು ಆ ಹನ್ನೆರಡನ್ನೂ ಮತ್ತೆ ಇಳಿಸಿ ಸಾಲಿಗೆ ತಂದರು. ಕೆಲಸ ಚೆನ್ನಾಗಿಯೇ ಆಯಿತು. ಆದರೆ ಎರಡು ಸಲ ಕೆರೆಸಿಕೊಂಡ ಲೋಹದ ದನಿ ಕೊಂಚ ತೆಳುವಾಗಿದೆ. ಆ ಗಾಂಧಾರ ಈಗ ನಮ್ಮ ಊಹೆಯ ಗಾಂಧಾರ, ಆತನದಲ್ಲ. ಪೇಟಿ ಯಾರದೆಂಬ ಪ್ರಶ್ನೆಗೆ ಉತ್ತರ ಕೊಡಬಹುದಾಗಿದ್ದ ಒಂದೇ ಸಾಕ್ಷಿಯನ್ನು, ವಾದ್ಯವನ್ನು ಉಳಿಸಲು ಹೋದ ನಾನೇ ಅರ್ಧ ಅಳಿಸಿದೆ.

ಆದುದರಿಂದ ಸಹೃದಯರ ಮುಂದೆ ನನ್ನ ಅರಿಕೆ ಇಷ್ಟು. ಉತ್ತರ ಕರ್ನಾಟಕದ ಊರೂರುಗಳಲ್ಲಿ, ನಾಟಕ ಕಂಪನಿಗಳು ಮುಚ್ಚಿದ ಮೇಲೆ ಮನೆಗಳ ಮೂಲೆ ಸೇರಿದ ಪೇಟಿಗಳು ಇನ್ನೂ ಇವೆ. ಅವನ್ನು ಗಾಜಿನೊಳಗಿಟ್ಟು ಪೂಜಿಸುವುದರಿಂದ ಫಲವಿಲ್ಲ. ಉಸಿರಾಡದ ತಿದಿ ಬಿರುಸಾಗುತ್ತದೆ, ನುಡಿಯದ ರೀಡು ಕಿಲುಬು ಹಿಡಿಯುತ್ತದೆ. ಅವುಗಳ ಒಳಗನ್ನೆಲ್ಲ ಕಿತ್ತು ಗುಜರಾತಿನ ಪಾಲಿತಾಣದಿಂದ ಹೊಸ ರೀಡು ತರಿಸಿ ಹಾಕುವುದರಿಂದಲೂ ಫಲವಿಲ್ಲ. ಪಾಲಿತಾಣದ ಕುಶಲಕರ್ಮಿಗಳ ರೀಡಿನಿಂದ ಹೊಸ ಪೇಟಿಯನ್ನೇ ಕಟ್ಟಿಸಬಹುದಲ್ಲ! ಮರಳಿ ತೆಗೆಯಬಹುದಾದುದನ್ನೆಲ್ಲ ಧಾರಾಳವಾಗಿ ಮಾಡೋಣ: ತೊಗಲು, ಬನಾತು, ಸ್ಪ್ರಿಂಗು, ತಿರುಪು. ಮರಳಿ ಬಾರದುದನ್ನು ಮಾಡುವ ಮುನ್ನ ನಿಲ್ಲೋಣ. ಒಂದು ರೀಡಿಗೂ ಅರ ತಾಗುವ ಮೊದಲು ಪ್ರತಿಯೊಂದು ಸ್ವರವನ್ನೂ ಅಳೆದು ಬರೆದಿಡೋಣ. ಇದಕ್ಕೆ ಹಣ ಬೇಡ. ಒಂದು ದಿನದ ತಾಳ್ಮೆ ಸಾಕು.

ಎರಡನೆಯ ಮಾತು ಕುಶಲಕರ್ಮಿಗಳನ್ನು ಕುರಿತದ್ದು. ನಮ್ಮ ಸಂಗೀತ ವಿದ್ಯಾಲಯಗಳಲ್ಲಿ ನುಡಿಸುವುದನ್ನು ಕಲಿಸುತ್ತಾರೆ. ವಾದ್ಯವನ್ನು ಬಿಚ್ಚಿ ಜೋಡಿಸುವುದನ್ನು ಕಲಿಯಬೇಕಾದವರು ಮಿಸ್ತ್ರಿಯ ಅಂಗಡಿಯ ಕಟ್ಟೆಯ ಮೇಲೆ ಕುಳಿತೇ ಕಲಿಯಬೇಕು. "ಒಂದ ಅಳತೀಲೆ ಇಳದಾವು" ಎಂಬ ಒಂದು ವಾಕ್ಯ ನನ್ನ ಗ್ರಂಥಜ್ಞಾನಕ್ಕಿಂತ ಮೊದಲು ಬಂತು, ಅದು ಬಾರದಿದ್ದರೆ ಗ್ರಂಥಜ್ಞಾನವೂ ಬರುತ್ತಿರಲಿಲ್ಲ. ಶಹಾಪುರದ ಆ ಮಿಸ್ತ್ರಿಯವರ ಮಗ ಬೇರೆ ಉದ್ಯೋಗದಲ್ಲಿದ್ದಾನೆ. ನಮ್ಮ ನಾಟಕ ಅಕಾಡೆಮಿ, ಸಂಗೀತ ನೃತ್ಯ ಅಕಾಡೆಮಿಗಳು ಇಂಥವರ ಬಳಿ ಇಬ್ಬರು ಮೂವರು ತರುಣರನ್ನು ಒಂದೆರಡು ವರ್ಷ ವಿದ್ಯಾರ್ಥಿವೇತನ ಕೊಟ್ಟು ಕೂರಿಸಿದರೆ, ಅದು ಯಾವ ಉತ್ಸವಕ್ಕಿಂತಲೂ ಹೆಚ್ಚು ಕಾಲ ಬಾಳುವ ಸೇವೆಯಾದೀತು.

ಪೇಟಿ ಈಗ ಖಾನಾಪುರದ ನಡುಮನೆಯಲ್ಲಿದೆ, ಗಾಜಿಲ್ಲದೆ. ಹೆಸರಿನ ಫಲಕವನ್ನು ಸದ್ಯಕ್ಕೆ ಕೆತ್ತಿಸುವುದು ಬೇಡವೆಂದು ಮಿತ್ರರೂ ಒಪ್ಪಿದ್ದಾರೆ. ಮಗಳು ತಂಬೂರಿಯನ್ನು ಪೇಟಿಯ ಷಡ್ಜಕ್ಕೆ ಸೇರಿಸಿಕೊಂಡು ಹಾಡುತ್ತಾಳೆ. ಮುಚ್ಚಳದ ಒಳಗೆ ಒಂದು ಚಿಕ್ಕ ನೋಟುಪುಸ್ತಕ ಇಟ್ಟಿದ್ದೇವೆ. ಅದರಲ್ಲಿ ಪ್ರತಿ ರೀಡಿನ ಅಳತೆಯಿದೆ, ಯಾವ ಯಾವ ರೀಡಿನ ಬುಡದಲ್ಲಿ ಹಳೆಯ ಗೀರುಗಳಿವೆಯೆಂಬುದರ ವಿವರವಿದೆ. ಮುಂದೆ ಇದನ್ನು ಬಿಚ್ಚುವವರು ನಮ್ಮ ಕೆಲಸವನ್ನು ಆತನ ಕೆಲಸವೆಂದು ಭ್ರಮಿಸಬಾರದಲ್ಲವೆ? ಅದಕ್ಕಾಗಿ ಮೊದಲ ಪುಟದಲ್ಲಿ ನಾನೇ ಬರೆದಿದ್ದೇನೆ: ಮಧ್ಯ ಸಪ್ತಕದ ಹನ್ನೆರಡು ರೀಡುಗಳನ್ನು ಅಳೆಯದೆ ಕೆರೆಯಲಾಯಿತು, ಕೆರೆಯಲು ಹೇಳಿದವನು ನಾನು.