ತಿಂದದ್ದು ಕೋತಿ, ಒರೆಸಿದ್ದು ಮೇಕೆ ಬಾಯಿಗೆ

2017ರ ಸುಮಾರಿಗೆ ಬ್ರಿಟನ್ನಿನ ಪತ್ರಿಕೆಗಳಿಗೆ ಹೊಸ ಅಪರಾಧಿಯೊಂದು ಸಿಕ್ಕಿತ್ತು: ‘ಕೋಡಿ ಬಾಕ್ಸ್’. ಕೋಡಿ ಬಾಕ್ಸ್ ಮಾರಿದವನ ಮೇಲೆ ದಾಳಿ, ಕೋಡಿ ಬಾಕ್ಸ್ ಇಟ್ಟುಕೊಂಡವರಿಗೆ ಎಚ್ಚರಿಕೆ ಎಂಬಂಥ ತಲೆಬರಹಗಳು ಮೇಲಿಂದ ಮೇಲೆ ಬಂದವು. ಕೋಡಿಯನ್ನು ಬರೆದವರು ಮಾತ್ರ ಅಂಥ ಒಂದೇ ಒಂದು ಬಾಕ್ಸನ್ನೂ ಮಾರಿರಲಿಲ್ಲ. ಅವರು ಬರೆದದ್ದು ಒಂದು ಮೀಡಿಯಾ ಪ್ಲೇಯರ್, ಅಷ್ಟೇ.

ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಗೇಮ್ ಯಂತ್ರದಲ್ಲಿ ಸಿನಿಮಾ ನೋಡುವ ಆಸೆಯಿಂದ 2002ರಲ್ಲಿ ಕೆಲವು ಹವ್ಯಾಸಿಗಳು ಬರೆದುಕೊಂಡ ತಂತ್ರಾಂಶ ಇದರ ಮೂಲ. ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಬೆಳೆದು 2014ರಲ್ಲಿ ಕೋಡಿ ಎನಿಸಿಕೊಂಡಿತು. ಹಿಂದಿರುವುದು ಲಾಭರಹಿತ ಪ್ರತಿಷ್ಠಾನ. ದುಡಿಯುವವರಲ್ಲಿ ಬಹುಪಾಲು ಸ್ವಯಂಸೇವಕರು. ಅದರ ಅಧಿಕೃತ ತಾಣದಿಂದ ಇಳಿಸಿಕೊಂಡು ತೆರೆದು ನೋಡಿ. ಎಡಗಡೆ ಸಿನಿಮಾ, ಟಿವಿ, ಸಂಗೀತ ಎಂಬ ಪಟ್ಟಿ. ನಡುವೆ, ನಿಮ್ಮ ಲೈಬ್ರರಿ ಖಾಲಿಯಿದೆ, ನಿಮ್ಮ ಫೈಲುಗಳು ಎಲ್ಲಿವೆಯೋ ತೋರಿಸಿ ಎಂಬ ಅರ್ಥದ ಒಂದು ಸೂಚನೆ. ಒಂದು ಸಿನಿಮಾ ಇಲ್ಲ, ಒಂದು ಹಾಡಿಲ್ಲ, ಒಂದು ಟ್ರೇಲರ್ ಕೂಡ ಇಲ್ಲ. ಹಾರ್ಡ್‌ಡಿಸ್ಕಿನ ಫೋಲ್ಡರನ್ನು ತೋರಿಸಿದ ಮೇಲಷ್ಟೇ ಪೋಸ್ಟರುಗಳು ಒಂದೊಂದಾಗಿ ಮೂಡುತ್ತವೆ. ಕಳ್ಳಮಾಲಿನ ಗೋದಾಮು ಎಂದು ಊರೆಲ್ಲ ಡಂಗುರ ಹೊಡೆಸಿಕೊಂಡ ತಂತ್ರಾಂಶದ ಒಳಗಿರುವುದು ಇಷ್ಟೇ.

ಹಾಗಾದರೆ ಕಳ್ಳಮಾಲು ಬಂದದ್ದೆಲ್ಲಿಂದ? ಕೋಡಿಗೆ ಯಾರು ಬೇಕಾದರೂ ಆಡ್-ಆನ್, ಅಂದರೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ, ಬರೆಯಬಹುದು. ಹೊರಗಿನ ಕೆಲವರು ಅಕ್ರಮ ತಾಣಗಳಿಂದ ಸಿನಿಮಾ, ಪಂದ್ಯಗಳನ್ನು ಎಳೆದು ತರುವ ಆಡ್-ಆನ್ ಬರೆದರು. ಅಗ್ಗದ ಆಂಡ್ರಾಯ್ಡ್ ಡಬ್ಬಗಳನ್ನು ತರಿಸಿಕೊಂಡ ವ್ಯಾಪಾರಿಗಳು ಅವಕ್ಕೆ ಕೋಡಿ ಹಾಕಿ, ಈ ಆಡ್-ಆನ್‌ಗಳನ್ನು ತುಂಬಿ, ಒಮ್ಮೆ ದುಡ್ಡು ಕೊಟ್ಟರೆ ಜೀವನಪೂರ್ತಿ ಪುಕ್ಕಟೆ ಎಂದು ಮಾರಿದರು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಕತೆ. ಅಕ್ರಮ ತಾಣ ಮುಚ್ಚಿ ಡಬ್ಬ ಕೆಲಸ ನಿಲ್ಲಿಸಿದಾಗ ಕೊಂಡವರು ಬೈಯುತ್ತಿದ್ದದ್ದೂ ಕೋಡಿ ತಂಡವನ್ನೇ. ಈ ಡಬ್ಬ ಮಾರುವವರು ನಮ್ಮನ್ನು ಮುಗಿಸುತ್ತಿದ್ದಾರೆ ಎಂದು ತಂಡ 2016ರಲ್ಲೇ ಬಹಿರಂಗವಾಗಿ ಗೋಳಾಡಿತ್ತು. ಕೇಳಿಸಿಕೊಂಡವರು ಕಡಿಮೆ.

ಈ ವ್ಯತ್ಯಾಸ ನ್ಯಾಯಾಲಯಕ್ಕೆ ಅರ್ಥವಾಗಿತ್ತು ಎಂಬುದೇ ಸ್ವಾರಸ್ಯ. ನೆದರ್ಲೆಂಡ್ಸಿನಲ್ಲಿ ‘ಫಿಲ್ಮ್‌ಸ್ಪೇಲರ್’ ಎಂಬ ಹೆಸರಿನ ಡಬ್ಬ ಮಾರುತ್ತಿದ್ದವನ ಮೇಲೆ ಅಲ್ಲಿನ ಹಕ್ಕುಸ್ವಾಮ್ಯ ರಕ್ಷಣಾ ಸಂಸ್ಥೆ ‘ಬ್ರೈನ್’ ಹೂಡಿದ ದಾವೆ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. 2017ರ ಏಪ್ರಿಲ್ 26ರ ತೀರ್ಪು ಮಾರಾಟಗಾರನ ವಿರುದ್ಧ ಬಂತು. ಕಾರಣ ಓದಿ ನೋಡಬೇಕು. ಅನುಮತಿಯಿಲ್ಲದ ಕೃತಿಗಳಿಗೆ ದಾರಿ ಮಾಡಿಕೊಡುವ ಆಡ್-ಆನ್‌ಗಳನ್ನು ಆತ ಗೊತ್ತಿದ್ದೂ ಮುಂಚಿತವಾಗಿ ತುಂಬಿದ್ದ, ಪುಕ್ಕಟೆಯಾಗಿ ಸುಲಭವಾಗಿ ನೋಡಬಹುದೆಂದೇ ಜಾಹೀರಾತು ಕೊಟ್ಟಿದ್ದ, ಅದರಿಂದ ಲಾಭ ಮಾಡಿಕೊಳ್ಳುತ್ತಿದ್ದ. ಹಾಗೆ ಗೊತ್ತಿದ್ದೂ ಕದ್ದ ಮಾಲು ನೋಡುವವನಿಗೂ ರಕ್ಷಣೆಯಿಲ್ಲ ಎಂದಿತು ನ್ಯಾಯಾಲಯ. ಡಬ್ಬದಲ್ಲಿದ್ದ ಮುಕ್ತ ತಂತ್ರಾಂಶವನ್ನು ಬರೆದವರ ಮೇಲೆ ಒಂದು ಮಾತಿಲ್ಲ. ಕಟ್ಟುನಿಟ್ಟಿನ ತೀರ್ಪೇ, ಆದರೆ ಪೆಟ್ಟು ಯಾರಿಗೆ ಬೀಳಬೇಕೋ ಅವರಿಗೇ ಬಿತ್ತು.

ದೊಡ್ಡ ಕಂಪನಿಗಳಿಗೆ ಅಷ್ಟು ತಾಳ್ಮೆ ಎಲ್ಲಿ? ಪೈರಸಿಗೆ ನೆರವಾಗಬಹುದು ಎಂಬ ಕಾರಣ ಕೊಟ್ಟು ಅಮೆಜಾನ್ 2015ರಲ್ಲಿ ತನ್ನ ಆ್ಯಪ್ ಅಂಗಡಿಯಿಂದ ಕೋಡಿಯನ್ನು ಹೊರಹಾಕಿತು. ಕೋಡಿ ತುಂಬಿದ ಡಬ್ಬಗಳು ಮಾತ್ರ ಅದೇ ಅಮೆಜಾನಿನಲ್ಲಿ ಬಿಕರಿಯಾಗುತ್ತಲೇ ಇದ್ದವು. 2018ರಲ್ಲಿ ಗೂಗಲ್, ಹುಡುಕುವಾಗ ತಾನಾಗಿ ಸೂಚಿಸುವ ಪದಗಳಿಂದ ಕೋಡಿಯ ಹೆಸರನ್ನೇ ತೆಗೆದುಹಾಕಿತು. ಅಕ್ರಮ ಆಡ್-ಆನ್ ಬೇಕಾದವನು ಇದರಿಂದ ಹಿಂದೆ ಸರಿದಿರುತ್ತಾನೆ ಎಂದು ನಂಬುವವರು ಧಾರಾಳವಾಗಿ ನಂಬಲಿ.

ಎದುರು ವಾದವೂ ಬಲವಾದದ್ದೇ, ಮುಚ್ಚಿಡುವುದಿಲ್ಲ. ಸ್ಯಾಂಡ್‌ವೈನ್ ಎಂಬ ನೆಟ್‌ವರ್ಕ್ ಕಂಪನಿ 2017ರಲ್ಲಿ ಉತ್ತರ ಅಮೆರಿಕದ ಅಂಕಿಅಂಶ ಹೊರತಂದಾಗ, ಕೋಡಿ ಇರುವ ಮನೆಗಳ ಪೈಕಿ ಮೂರರಲ್ಲಿ ಎರಡಕ್ಕೂ ಹೆಚ್ಚು ಮನೆಗಳಲ್ಲಿ ಅಕ್ರಮ ಆಡ್-ಆನ್ ಕಂಡುಬಂದಿತ್ತು. ಹೆಚ್ಚಿನವರು ಕದಿಯಲೆಂದೇ ಬಳಸುವ ವಸ್ತುವನ್ನು ಸಮರ್ಥಿಸುವುದೇಕೆ ಎಂದು ಕೇಳಿದರೆ ನನ್ನ ಉತ್ತರ ಇದು: ಮಿಕ್ಕ ಸುಮಾರು ಮೂರನೇ ಒಂದು ಭಾಗದ ಮನೆಗಳ ತಪ್ಪೇನು? ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಸೋನಿಯ ಬೀಟಾಮ್ಯಾಕ್ಸ್ ವಿಡಿಯೊ ರೆಕಾರ್ಡರ್ ಪ್ರಕರಣದಲ್ಲಿ ಕೇಳಿಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ. ಗಣನೀಯವಾದ ಸಕ್ರಮ ಬಳಕೆಯಿರುವ ಯಂತ್ರವನ್ನು ಮಾರಿದ ಮಾತ್ರಕ್ಕೆ ತಯಾರಕ ಹೊಣೆಯಲ್ಲ ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ಒಂದೇ ಮತದ ಅಂತರ. ಆ ಯಂತ್ರದಿಂದ ತಮಗೆ ಸಾವೇ ಗತಿ ಎಂದು ಹುಯಿಲೆಬ್ಬಿಸಿದ್ದ ಹಾಲಿವುಡ್ಡು ಮುಂದೆ ವಿಡಿಯೊ ಕ್ಯಾಸೆಟ್ಟಿನಿಂದಲೇ ಕೊಬ್ಬಿತು, ಅದು ಬೇರೆ ಮಾತು.

ಸಕ್ರಮ ಬಳಕೆ ಎಂದರೆ ಏನೋ ದೊಡ್ಡದನ್ನು ಊಹಿಸಬೇಕಿಲ್ಲ. ಮದುವೆ ಮುಗಿದ ಎಷ್ಟೋ ದಿನಕ್ಕೆ ವಿಡಿಯೊದವನು ಪೆನ್‌ಡ್ರೈವ್ ತಂದುಕೊಡುತ್ತಾನೆ. ಮನೆಮಂದಿಯೆಲ್ಲ ಟಿವಿ ಮುಂದೆ ಕೂತಾಗ ಪರದೆಯ ಮೇಲೆ ‘ಫಾರ್ಮ್ಯಾಟ್ ನಾಟ್ ಸಪೋರ್ಟೆಡ್’. ಧಾರೆಗೆ ಬಂದಿದ್ದ ಸೋದರಮಾವನಿಂದ ಹಿಡಿದು ಎಲ್ಲರಿಗೂ ನಿರಾಶೆ. ಆಗ ಯಾರೋ ಹುಡುಗ ಲ್ಯಾಪ್‌ಟಾಪ್ ತಂದು, ಕೋಡಿಯಂಥದೇ ಇನ್ನೊಂದು ಪ್ಲೇಯರ್ ವಿಎಲ್‌ಸಿಯಲ್ಲಿ ಹಾಕುತ್ತಾನೆ, ಓಡುತ್ತದೆ. ಟ್ಯೂನರ್ ಜೋಡಿಸಿದರೆ ಪುಕ್ಕಟೆ ಬಿತ್ತರವಾಗುವ ದೂರದರ್ಶನ ಚಂದನವನ್ನು ಕೋಡಿಯಲ್ಲೇ ನೋಡಬಹುದು, ರೆಕಾರ್ಡ್ ಮಾಡಿಟ್ಟುಕೊಳ್ಳಬಹುದು. ಇದರಲ್ಲಿ ಯಾವ ನಿರ್ಮಾಪಕನ ಜೇಬಿಗೆ ಕತ್ತರಿ ಬಿತ್ತು?

ವಿಎಲ್‌ಸಿ ಎಂದಾಗ ನೆನಪಾಯಿತು. ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಆ ಪ್ಲೇಯರಿನ ತಾಣವನ್ನು 2022ರ ಫೆಬ್ರುವರಿಯಿಂದ ಭಾರತದಲ್ಲಿ ತಡೆಹಿಡಿಯಲಾಗಿತ್ತು. ಪೈರಸಿಯ ಮಾತು ಅಲ್ಲಿರಲಿಲ್ಲ. ಅಸಲಿಗೆ ಯಾವ ಮಾತೂ ಇರಲಿಲ್ಲ. ಹ್ಯಾಕರುಗಳು ವಿಎಲ್‌ಸಿ ಪಕ್ಕದಲ್ಲಿ ತಮ್ಮ ವಿಷದ ಫೈಲು ಸೇರಿಸಿ ದಾಳಿ ನಡೆಸಿದ್ದೇ ಕಾರಣವಿರಬೇಕೆಂದು ಪತ್ರಿಕೆಗಳು ಊಹಿಸಿದವು. ಇಂಟರ್‌ನೆಟ್ ಫ್ರೀಡಂ ಫೌಂಡೇಷನ್ ನೆರವಿನಿಂದ ವಿಎಲ್‌ಸಿಯವರು ಅಕ್ಟೋಬರಿನಲ್ಲಿ ಕಾನೂನು ನೋಟಿಸ್ ಕಳಿಸಿದರು, ನವೆಂಬರಿನಲ್ಲಿ ತಡೆ ತೆರವಾಯಿತು. ಬೇರೆಯವರು ಬೆರೆಸಿದ್ದಕ್ಕೆ ಬರೆದವರನ್ನು ಹಿಡಿಯುವ ಚಾಳಿ ನಮ್ಮಲ್ಲೂ ಬೇರೂರಲು ಹೆಚ್ಚು ಹೊತ್ತು ಬೇಡ ಎಂಬುದಕ್ಕೆ ಇದನ್ನು ಹೇಳಿದೆ.

ಬಿಡುಗಡೆಯಾದ ದಿನವೇ ಟೆಲಿಗ್ರಾಂನಲ್ಲಿ ತನ್ನ ಸಿನಿಮಾ ಕಂಡ ಕನ್ನಡ ನಿರ್ಮಾಪಕನ ಸಂಕಟ ಸುಳ್ಳಲ್ಲ. ಅದಕ್ಕೆ ಕಾನೂನಿನ ಕೊರತೆಯೂ ಇಲ್ಲ. 2014ರಲ್ಲಿ ಕರ್ನಾಟಕ ತನ್ನ ಗೂಂಡಾ ಕಾಯ್ದೆಯೊಳಗೆ ಪೈರಸಿ ದಂಧೆಯವರನ್ನೂ ಸೇರಿಸಿತು. ಅದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವನಿಗೆ, ಅದನ್ನು ಹಂಚುವವನಿಗೆ ಮೂರು ವರ್ಷದವರೆಗೆ ಜೈಲು, ನಿರ್ಮಾಣ ವೆಚ್ಚದ ಶೇ 5ರವರೆಗೂ ಏರಬಹುದಾದ ದಂಡ ಇಟ್ಟಿದೆ. ಎರಡರಲ್ಲೂ ಗುರಿ ಕದ್ದವನು, ಹಂಚಿದವನು.

ಇನ್ನು ಚಿತ್ರೋದ್ಯಮದ ದೊಡ್ಡವರಿಗೆ ಒಂದು ಪ್ರಶ್ನೆ. ಚಂದಾ ಕಟ್ಟಿದ ಗ್ರಾಹಕ ತನಗಿಷ್ಟವಾದ ಪ್ಲೇಯರಿನಲ್ಲಿ ನೋಡುತ್ತೇನೆಂದರೆ ಬಿಡುತ್ತೀರಾ? 2019ರ ಜನವರಿಯಲ್ಲಿ ಬಂದ 18ನೇ ಆವೃತ್ತಿಯಲ್ಲಿ ಕೋಡಿ ತಂಡ ನಕಲು ತಡೆಯುವ ಡಿಆರ್‌ಎಂ ಬೀಗ ಹಾಕಿದ ವಿಡಿಯೊಗಳನ್ನೂ ಸಕ್ರಮವಾಗಿ ಓಡಿಸುವ ಏರ್ಪಾಡು ಮಾಡಿಕೊಟ್ಟಿತು. ಮುಕ್ತ ತಂತ್ರಾಂಶದ ಕಟ್ಟಾಳುಗಳು ಗೊಣಗಿದರೂ ಲೆಕ್ಕಿಸದೆ, ನಿಮ್ಮ ನಿಯಮಕ್ಕೆ ತಲೆಬಾಗಿ ಕೊಟ್ಟ ಆಹ್ವಾನ ಅದು. ನೆಟ್‌ಫ್ಲಿಕ್ಸ್ ಒಂದು ಅಧಿಕೃತ ಆಡ್-ಆನ್ ಬರೆದುಕೊಡಲಿಲ್ಲ, ಅಮೆಜಾನ್ ಪ್ರೈಮ್ ವಿಡಿಯೊವೂ ಕೊಡಲಿಲ್ಲ. ದುಡ್ಡು ಕೊಟ್ಟವನಿಗೆ ಅಧಿಕೃತ ದಾರಿಯನ್ನೇ ಕೊಡದೆ, ಕೋಡಿಯಲ್ಲಿರುವವರೆಲ್ಲ ಕಳ್ಳರು ಎಂದರೆ ಆ ಲೆಕ್ಕ ತಪ್ಪುವುದಾದರೂ ಹೇಗೆ?