ಅಧ್ಯಕ್ಷೆಯ ಗಂಡ ಯಾರಿಗೆ ಲೆಕ್ಕ ಕೊಡ್ತಾರೆ?

ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿ ಅವರ ಗಂಡ ರಿಷಿ ಸುನಕ್ 2022ರ ಅಕ್ಟೋಬರಿನಲ್ಲಿ ಬ್ರಿಟನ್ ಪ್ರಧಾನಿಯಾದಾಗ, ಹರಿಹರಪುರದ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ 'ನಮ್ಮ ಹುಡುಗಿ' ಅಂತ ಸಂಭ್ರಮ. ಇರಲಿ, ತಪ್ಪೇನಿಲ್ಲ. ಆದರೆ ಅದೇ ವರ್ಷ ಏಪ್ರಿಲಿನಲ್ಲಿ ನಡೆದದ್ದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಸುನಕ್ ಆಗ ಹಣಕಾಸು ಸಚಿವ. ದುಡಿಯುವವರ ವಿಮಾ ವಂತಿಗೆ ಏರಿಸಿದ್ದರು. ಅದು ಜಾರಿಯಾದ ದಿನವೇ ಪತ್ರಿಕೆಯೊಂದು ಬಯಲು ಮಾಡಿತು: ಅವರ ಹೆಂಡತಿ ಇನ್ಫೋಸಿಸ್ ಷೇರಿನ ಲಾಭಾಂಶಕ್ಕೆ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುತ್ತಿಲ್ಲ. ಕಾನೂನು ಮುರಿದಿರಲಿಲ್ಲ. ಕಾಯಂ ನೆಲೆ ಹೊರದೇಶದಲ್ಲಿದೆ ಅನ್ನುವವರಿಗೆ ಅಲ್ಲಿ ಆ ವಿನಾಯಿತಿ ಇತ್ತು. ಆದರೂ ಜನ ಬಿಡಲಿಲ್ಲ. ಎರಡೇ ದಿನದಲ್ಲಿ, ಇನ್ನು ಮುಂದೆ ಎಲ್ಲ ದೇಶದ ಆದಾಯಕ್ಕೂ ಅಲ್ಲೇ ತೆರಿಗೆ ಕಟ್ಟುತ್ತೇನೆ ಅಂದರು ಅಕ್ಷತಾ.

ಅವರಿಗೆ ಅಲ್ಲಿ ಹುದ್ದೆಯಿಲ್ಲ, ಸಹಿ ಹಾಕುವ ಅಧಿಕಾರವಿಲ್ಲ. ಆದರೂ ಉತ್ತರ ಕೊಡಬೇಕಾಯ್ತು.

ಈಗ ನಮ್ಮ ಕಡೆ ನೋಡಿ. ಗ್ರಾಮ ಪಂಚಾಯ್ತಿಯ ಅರ್ಧ ಸೀಟು ಹೆಂಗಸರಿಗೆ ಅಂತ 2010ರಲ್ಲೇ ಕರ್ನಾಟಕ ಕಾನೂನು ಮಾಡಿತು. ಕಾಲುಸಂಕದ ಬಿಲ್ಲಿನ ಬಗ್ಗೆ ಕೇಳಲು ನಾವು ಒಂದು ಪಂಚಾಯ್ತಿಗೆ ಹೋಗಿದ್ದೆವು. ಯಾವುದು ಅಂತ ಬೇಡ. ಅಧ್ಯಕ್ಷರ ಕುರ್ಚಿಯಲ್ಲಿ ಗಂಡ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೆದ್ದು ಬಂದ ಹೆಂಡತಿ. ಗೋಡೆ ಮೇಲಿನ ಅಧ್ಯಕ್ಷೆಯ ಮೊಬೈಲ್ ನಂಬರೂ ಗಂಡನದ್ದೇ. ನಾವು ಆಕೆಯನ್ನು ಕೇಳಿದರೆ, "ಅವ್ರನ್ನೇ ಕೇಳಿ ಮಾರಾಯ್ರೆ" ಅಂದರು. ಅವರನ್ನು ಕೇಳಿದರೆ, "ನಂಗೇನು ಸಂಬಂಧ, ಸಹಿ ಅವ್ಳದ್ದಲ್ವಾ" ಅಂತ ನಕ್ಕರು.

ನಗುವ ಮಾತಲ್ಲ ಇದು. ಬಿಲ್ಲಿನಲ್ಲಿ ಹೆಚ್ಚುಕಮ್ಮಿಯಾದರೆ ನೋಟಿಸು ಬರುವುದು ಆಕೆಯ ಹೆಸರಿಗೆ.

"ಅವಳಿಗೆ ಗೊತ್ತಾಗಲ್ಲ" ಅನ್ನುವವರಿಗೆ ನಮ್ಮದೊಂದು ಪ್ರಶ್ನೆ. ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕವನ್ನು ಪೈಸೆ ತಪ್ಪದೆ ಬರೆಯುವ ಅಕ್ಕನಿಗೆ ಪಂಚಾಯ್ತಿ ಲೆಕ್ಕ ಹೇಗೆ ತಿಳಿಯದೆ ಹೋಗುತ್ತದೆ? ಬಸ್ಸಿಲ್ಲದ ಊರು, ಗಂಡ ಬೈಕಲ್ಲಿ ಕರೆತರಲಿ, ಬೇಡ ಅನ್ನೋದಿಲ್ಲ. ಆಮೇಲೆ ಹೊರಗೆ ಕೂತು ಚಾ ಕುಡಿಯಲಿ.

ಮುಂದಿನ ಗ್ರಾಮಸಭೆಯಲ್ಲಿ ಆ ಬಿಲ್ಲನ್ನು ಅಧ್ಯಕ್ಷೆಯೇ ಓದಬೇಕು ಅಂತ ಕೇಳಲಿದ್ದೇವೆ. ಗಂಡ ಎದ್ದು ನಿಂತರೆ, ನೀವು ಯಾವ ವಾರ್ಡಿನಿಂದ ಗೆದ್ದವರು ಅಂತಲೂ ಕೇಳುತ್ತೇವೆ.