ಬುಗುರಿಯಿಂದ ಮೊಬೈಲ್‌ವರೆಗೆ: ಜಾತ್ರೆಯ ಆಟಿಕೆ ವ್ಯಾಪಾರಕ್ಕೆ ಬರೀ ನೆನಪು ಸಾಕಾಗಲ್ಲ

ಮಾಣಿಕನಗರ (ಹುಮನಾಬಾದ್): ಮಾರ್ಗಶಿರ ಹುಣ್ಣಿಮೆ ಬಂತಂದ್ರೆ ಮಾಣಿಕನಗರದಲ್ಲಿ ದತ್ತ ಜಯಂತಿ ಜಾತ್ರೆ. ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರ ದತ್ತ ಜಯಂತಿಯಂದೇ ಜನಿಸಿದ ಮಾಣಿಕಪ್ರಭುಗಳ ಜಯಂತಿಯೂ ಅಂದೇ ಆಗಿರುವುದರಿಂದ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಕಡೆಯಿಂದ ಭಕ್ತರು ಬರುತ್ತಾರೆ. ದೊಡ್ಡವರಿಗೆ ದರ್ಶನ, ಭಜನೆ, ಸಂಗೀತ. ಮಕ್ಕಳಿಗೆ ಮಾತ್ರ ಜಾತ್ರೆ ಅಂದ್ರೆ ಆಟಿಕೆ ಸಾಲು, ತೊಟ್ಟಿಲು, ಬೆಂಡು ಬತ್ತಾಸು. ಅದಾದ ಮೇಲೆ ಜನವರಿಯಲ್ಲಿ ಹುಮನಾಬಾದ್ ವೀರಭದ್ರೇಶ್ವರ ಜಾತ್ರೆ. ಈ ಭಾಗದ ಆಟಿಕೆ ವ್ಯಾಪಾರಿಗಳಿಗೆ ಇದೇ ಹಂಗಾಮು.

ಇದೇ ಹೊತ್ತಿಗೆ ವಾಟ್ಸಾಪ್ ಗ್ರೂಪುಗಳಲ್ಲೂ ಒಂದು ಹಂಗಾಮು ಶುರು. ಬುಗುರಿ, ಗೋಲಿ, ನೀರಲ್ಲಿ ಪುಟಪುಟ ಓಡುವ ತಗಡಿನ ದೋಣಿ, ಶಕ್ತಿಮಾನ್ ಸ್ಟಿಕ್ಕರ್, ಇವೆಲ್ಲ ಒಂದೇ ಫೋಟೋದಲ್ಲಿ. ಕೆಳಗೆ “ನಮ್ಮ ಕಾಲದಾಗ ಹಿಂಗಿತ್ತು ನೋಡ್ರಿ” ಅಂತ ಒಂದು ಸಾಲು. ನೋಡಿದವರೆಲ್ಲ ಹಾರ್ಟ್ ಒತ್ತಿ ಮುಂದೆ ಕಳಿಸ್ತಾರೆ. ಕೇಳೋಕೆ ಛಂದ. ಆದರೆ ಅಂಗಡಿ ಹಾಕುವವರಿಗೆ, ಮಕ್ಕಳ ಕೈ ಹಿಡಿದು ಜಾತ್ರೆಗೆ ಬರುವವರಿಗೆ ಇದು ಬರೀ ನೆನಪಿನ ವಿಷಯ ಅಲ್ಲ. ಆಟಿಕೆ ಬದಲಾಗಿದ್ದರ ಹಿಂದೆ ಟಿವಿ ಇದೆ, ತೆರಿಗೆ ಇದೆ, ಒಂದು ಕಾನೂನೂ ಇದೆ. ಅದು ಗೊತ್ತಿಲ್ಲದೆ ಮಾಲು ತಂದ್ರೆ ಜೇಬಿಗೆ ಪೆಟ್ಟು ಬೀಳೋದು ಸಣ್ಣ ವ್ಯಾಪಾರಿಗೇ.

ಮನೆಯಿಂದ ಬೇಗಂ ಬಜಾರಿಗೆ

ಮೊದಲ ಕಾಲದ ಆಟಿಕೆಗೆ ದುಡ್ಡೇ ಬೇಕಿರಲಿಲ್ಲ. ಜೋಳದ ದಂಟು ಸೀಳಿ ಬಂಡಿ, ಕನ್ನಡಕ ಮಾಡುತ್ತಿದ್ದರು. ಸೈಕಲ್ಲಿನ ಹಳೆ ಟೈರು ಸಿಕ್ಕರೆ ಕೋಲು ಹಿಡಿದು ಊರೆಲ್ಲ ಓಟ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ. ಬುಗುರಿ ಬೇಕಂದ್ರೆ ಊರ ಬಡಿಗರ ಹತ್ತಿರ ಹೋಗಬೇಕಿತ್ತು.

ಆಮೇಲೆ ತಗಡು, ಪ್ಲಾಸ್ಟಿಕ್ ಬಂತು. ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದ್ ಮೇಲೆಯೇ ಹೋಗುವುದರಿಂದ ಇಲ್ಲಿನ ವ್ಯಾಪಾರಿಗಳಿಗೆ ಹೈದರಾಬಾದಿನ ಬೇಗಂ ಬಜಾರ್ ಒಂದು ಕಡೆ, ಸೊಲ್ಲಾಪುರ ಇನ್ನೊಂದು ಕಡೆ. ಚನ್ನಪಟ್ಟಣ ಇಲ್ಲಿಂದ 600 ಕಿ.ಮೀ.ಗೂ ದೂರ. ಹಾಗಾಗಿ ಕರ್ನಾಟಕದ ಹೆಸರಾಂತ ಆಟಿಕೆಗಿಂತ ಹೈದರಾಬಾದಿನ ಸಗಟು ಮಾಲೇ ಈ ಭಾಗಕ್ಕೆ ಹತ್ತಿರ. 2000ದ ನಂತರ ಅದೇ ದಾರಿಯಲ್ಲಿ ಚೀನಾದ ಬ್ಯಾಟರಿ ಕಾರು, ಲೈಟು ಹತ್ತುವ ಬಂದೂಕು, ಹಾಡುವ ಗೊಂಬೆ ಬಂದವು. ಕಡಿಮೆ ರೇಟು, ಕಣ್ಣಿಗೆ ಮಿಂಚು. ಬಡಿಗರ ಬುಗುರಿ ಅಲ್ಲೇ ಹಿಂದೆ ಬಿತ್ತು.

ಒಂದು ಟಿವಿ, ಓಣಿ ತುಂಬ ಮಕ್ಕಳು

ಟಿವಿ ಕಥೆಯಲ್ಲಿ ಈ ಭಾಗ ಹಿಂದುಳಿದಿರಲಿಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದ ‘ಸೈಟ್’ ಪ್ರಯೋಗ ನಡೆಯಿತು. ಅದರಲ್ಲಿ ಕರ್ನಾಟಕದಿಂದ ಸೇರಿದ್ದು ಪಕ್ಕದ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು. 1977ರಲ್ಲಿ ಕಲಬುರಗಿಗೆ ದೂರದರ್ಶನ ಕೇಂದ್ರವೂ ಬಂತು. 1987ರಲ್ಲಿ ರಾಮಾಯಣ, 1988ರಲ್ಲಿ ಮಹಾಭಾರತ ಶುರುವಾದಾಗ ಭಾನುವಾರ ಬೆಳಿಗ್ಗೆ ಓಣಿಗಳು ಖಾಲಿ. 1993ರ ಹೊತ್ತಿಗೆ ಜಪಾನಿನಲ್ಲಿ ತಯಾರಾದ ಜಂಗಲ್ ಬುಕ್ ಕಾರ್ಟೂನು ಹಿಂದಿಯಲ್ಲಿ. 1997ರ ಸೆಪ್ಟೆಂಬರ್ 13ಕ್ಕೆ ಶಕ್ತಿಮಾನ್.

ಈಗ ಜಾತ್ರೆಯಲ್ಲಿ ಮಗುವಿನ ಆಟಿಕೆಗೆ ದುಡ್ಡು ಕೊಡುವ ಅಪ್ಪ ಅಮ್ಮ ಅಂದು ಶಕ್ತಿಮಾನ್ ನೋಡಿದ ಮಕ್ಕಳು. 2005ರಲ್ಲಿ ಶಕ್ತಿಮಾನ್ ಮುಗಿಯಿತು, 2008ರಲ್ಲಿ ಛೋಟಾ ಭೀಮ್ ಬಂತು, 2009ರಲ್ಲಿ ಕನ್ನಡಕ್ಕೆ ಚಿಂಟು ಟಿವಿ ಬಂತು, 2012ರಲ್ಲಿ ಮೋಟು ಪಟ್ಲು. ಅಲ್ಲಿವರೆಗೂ ಕಾರ್ಯಕ್ರಮಕ್ಕೆ ಒಂದು ಟೈಮ್ ಇತ್ತು. ಕರೆಂಟ್ ಹೋದ್ರೆ ಆವತ್ತಿನ ಕಂತು ಹೋದಂಗೆ. ಮುಗಿದ ಮೇಲೆ ಮಕ್ಕಳು ಹೊರಗೆ ಬಂದು ನೋಡಿದ್ದನ್ನೇ ಆಡುತ್ತಿದ್ದರು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಆ ಟೈಮ್ ಅನ್ನೋದೇ ಹೋಯಿತು. 2020ರ ಲಾಕ್‌ಡೌನ್ ಉಳಿದದ್ದನ್ನೂ ಮುಗಿಸಿತು. ಶಾಲೆ ಬಂದ್ ಆಗಿ ಜುಲೈನಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ, ಮಿಕ್ಕ ಪಾಠ ಮೊಬೈಲಿನಲ್ಲಿ. ಮೊಬೈಲ್ ಕೊಡಬೇಡ ಅನ್ನುತ್ತಿದ್ದ ಮನೆಗಳೇ ಮಗುವಿನ ಕೈಗೆ ಮೊಬೈಲ್ ಕೊಟ್ಟವು. ಅದೇ ಲಾಕ್‌ಡೌನಿನಲ್ಲಿ ದೂರದರ್ಶನ ರಾಮಾಯಣ, ಮಹಾಭಾರತ, ಶಕ್ತಿಮಾನ್ ಎಲ್ಲವನ್ನೂ ಮತ್ತೆ ಹಾಕಿತು. ದೊಡ್ಡವರು ಕೂತು ನೋಡಿದರು. ಮಕ್ಕಳು ಸ್ವಲ್ಪ ಹೊತ್ತು ಕೂತು ಮತ್ತೆ ಮೊಬೈಲಿಗೆ ಹೋದರು.

ಬುಗುರಿಗೆ ಎಕ್ಸ್‌ಪೈರಿ ಇರಲಿಲ್ಲ

ವ್ಯಾಪಾರಿಗೆ ಇದರಿಂದ ಆದ ತೊಂದರೆ ಬೇರೆ. ಮೊದಲು ಮಗು ಅಂಗಡಿಗೆ ಬಂದು, ನೋಡಿ, ಆಮೇಲೆ ಹಟ ಮಾಡುತ್ತಿತ್ತು. ಈಗ ವಿಡಿಯೋದಲ್ಲಿ ನೋಡಿ ಹೆಸರು ಹಿಡಿದೇ ಬರುತ್ತೆ. 2017ರಲ್ಲಿ ಫಿಜೆಟ್ ಸ್ಪಿನ್ನರ್, 2021ರಲ್ಲಿ ಪಾಪ್ ಇಟ್, 2025ರಲ್ಲಿ ಲಬುಬು. ಒಂದೊಂದರ ಹುಚ್ಚೂ ಕೆಲವೇ ತಿಂಗಳು. ಸಗಟಿನಲ್ಲಿ ತಂದ ಮಾಲು ಹಳ್ಳಿ ಜಾತ್ರೆಗೆ ಬರೋ ಹೊತ್ತಿಗೆ ಹುಚ್ಚು ಇಳಿದಿರುತ್ತೆ. ಬುಗುರಿ, ಗೋಲಿಗೆ ಆ ಭಯ ಇರಲಿಲ್ಲ. ಈ ವರ್ಷ ಉಳಿದರೆ ಮುಂದಿನ ವರ್ಷ ಹೋಗುತ್ತಿತ್ತು.

ಹಂಗಂತ ಈಗಿನ ಮಕ್ಕಳಿಗೆ ಬುಗುರಿ ಬೇಡವೇ ಬೇಡ ಅನ್ನೋದೂ ಸುಳ್ಳು. ಮಕ್ಕಳು ಕುಣಿದಾಡುವ ಬೇಬ್ಲೇಡ್ ಅಂದ್ರೆ ಏನು? ಬುಗುರಿಯೇ. ಜಪಾನಿನ ಹಳೆ ಬುಗುರಿ ‘ಬೇಗೋಮಾ’ವನ್ನು ಅಲ್ಲಿನ ಟಕಾರಾ ಕಂಪನಿ 1999ರಲ್ಲಿ ಹೊಸದಾಗಿ ಮಾಡಿ, ಜೊತೆಗೆ ಕಾಮಿಕ್ಸ್, ಕಾರ್ಟೂನು ಕಟ್ಟಿ ಜಗತ್ತಿಗೆ ಮಾರಿತು. ನಮ್ಮ ಬುಗುರಿಗೆ ಅಂಥ ಕಥೆ ಕಟ್ಟುವವರು ಸಿಗಲಿಲ್ಲ.

ಇನ್ನೊಂದು ಗಮನಿಸಬೇಕು. ಎಲ್ಲ ಹಳೆ ಆಟಗಳೂ ಹೋಗಿಲ್ಲ. ಎಳ್ಳ ಅಮಾವಾಸ್ಯೆಗೆ ಇಂದಿಗೂ ಬೀದರ್ ಜಿಲ್ಲೆಯ ಮನೆಮಂದಿಯೆಲ್ಲ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಅಲ್ಲಿ ಗಾಳಿಪಟ ಹಾರುತ್ತೆ. ಮಣ್ಣೆತ್ತು ಇನ್ನೂ ಮನೆಗೆ ಬರುತ್ತೆ. ಪಂಚಮಿಗೆ ಜೋಕಾಲಿ ಕಟ್ಟುತ್ತಾರೆ. ಹಬ್ಬದ ಜೊತೆ ಗಂಟು ಹಾಕಿಕೊಂಡ ಆಟ ಉಳಿದಿದೆ, ಯಾಕಂದ್ರೆ ಆವತ್ತು ದೊಡ್ಡವರೂ ಜೊತೆಗಿರುತ್ತಾರೆ. ಬುಗುರಿ, ಗೋಲಿ, ಚಿಣ್ಣಿ ದಾಂಡಿಗೆ ತಮ್ಮದೇ ಒಂದು ಹಬ್ಬ ಇರಲಿಲ್ಲ. ಅವಕ್ಕೆ ಬೇಕಿದ್ದದ್ದು ಖಾಲಿ ಜಾಗ, ಖಾಲಿ ಸಂಜೆ. ಜಾಗಕ್ಕೆ ಪ್ಲಾಟು ಬಂತು, ಸಂಜೆಗೆ ಟ್ಯೂಷನ್ ಬಂತು.

ನೆನಪು ಮುಚ್ಚಿಡುವ ಮಾತುಗಳು

“ಆಗಿನ ಕಾಲ ಬಂಗಾರ” ಅನ್ನುವವರು ಕೆಲವು ಮಾತು ಬಿಟ್ಟುಬಿಡುತ್ತಾರೆ. ಗೋಲಿ, ಚಿಣ್ಣಿ ದಾಂಡು ಓಣಿಯಲ್ಲಿ ಆಡಿದವರು ಬಹುತೇಕ ಗಂಡು ಹುಡುಗರು. ಹೆಣ್ಣುಮಕ್ಕಳಿಗೆ ಅಂಗಳದ ಕುಂಟಾಬಿಲ್ಲೆ, ಅದೂ ಮನೆಗೆಲಸ ಮುಗಿದ ಮೇಲೆ. ಓಣಿಗೊಂದು ಟಿವಿ ಇದ್ದಾಗ ಎಲ್ಲ ಮಕ್ಕಳೂ ಒಳಗೆ ಕೂತು ನೋಡಲಿಲ್ಲ. ಯಾರು ಹೊಸ್ತಿಲು ದಾಟಬಹುದು, ಯಾರು ಕಿಟಕಿಯಲ್ಲಿ ನಿಂತು ನೋಡಬೇಕು ಅನ್ನೋ ಲೆಕ್ಕ ಇತ್ತು. ಈಗ ಮೊಬೈಲ್ ಇದ್ದ ಮಗುವಿಗೆ ಕಾರ್ಟೂನು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಅದು ಸಣ್ಣ ಮಾತಲ್ಲ. ಆದರೆ ಜೊತೆಗೆ ಆಡುವ ಮಗುವೂ ಪಕ್ಕದಲ್ಲಿ ಇಲ್ಲ.

ಸುರಕ್ಷತೆ ಲೆಕ್ಕದಲ್ಲೂ ಹಳೆ ಆಟಿಕೆ ಬಂಗಾರ ಆಗಿರಲಿಲ್ಲ. ಅಗ್ಗದ ಬಣ್ಣದಲ್ಲಿ ಸೀಸ, ತಗಡಿನ ಹರಿತ ಅಂಚು, ಬಾಯಿಗೆ ಹಾಕಿದರೆ ಗಂಟಲಿಗೆ ಸಿಕ್ಕುವ ಸಣ್ಣ ತುಂಡು, ಇವನ್ನೆಲ್ಲ ಕೇಳುವವರೇ ಇರಲಿಲ್ಲ. ಕೇಳುವ ಕಾನೂನು ಈಗ ಇದೆ.

ಐಎಸ್‌ಐ ಗುರುತು: ಅಂಗಡಿಯವರು ತಿಳಿಯಬೇಕಾದದ್ದು

ಕೇಂದ್ರ ಸರ್ಕಾರದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ತಯಾರಿಸುವವರಿಗೆ ಮಾತ್ರ ಅಲ್ಲ, ಗುರುತಿಲ್ಲದ ಮಾಲನ್ನು ಮಾರುವುದು, ಮಾರಲು ಇಟ್ಟುಕೊಳ್ಳುವುದು ಕೂಡ ತಪ್ಪು. 2016ರ ಬಿಐಎಸ್ ಕಾಯ್ದೆ ಪ್ರಕಾರ ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಕನಿಷ್ಠ 2 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ದಂಡ ಕನಿಷ್ಠ 5 ಲಕ್ಷ. ತಾಡಪತ್ರಿ ಹಾಸಿ ಕೂರುವ ಜಾತ್ರೆ ವ್ಯಾಪಾರಿಯ ಇಡೀ ಮಾಲು ಮಾರಿದರೂ 2 ಲಕ್ಷ ಆಗೋದು ಕಷ್ಟ.

ಇದು ಬರೀ ಕಾಗದದ ಕಾನೂನು ಅನ್ನುವಂತಿಲ್ಲ. 2023ರ ಜನವರಿಯಲ್ಲಿ ದೊಡ್ಡ ನಗರಗಳ ಮಾಲ್, ವಿಮಾನ ನಿಲ್ದಾಣದ ಅಂಗಡಿಗಳಲ್ಲಿ 18,600 ಆಟಿಕೆ ವಶಪಡಿಸಿಕೊಂಡಿದ್ದಾಗಿ ಬಿಐಎಸ್ ತಿಳಿಸಿತ್ತು. ದೊಡ್ಡ ಅಂಗಡಿಗೆ ವಕೀಲರು ಇರ್ತಾರೆ. ಸಾಲ ತಂದು ಮಾಲು ಹಾಕಿದವರಿಗೆ ಒಂದು ಸಲ ಜಪ್ತಿ ಆದ್ರೆ ಆ ವರ್ಷದ ದುಡಿಮೆಯೇ ಹೋದಂಗೆ.

ಇದರ ಜೊತೆ ಆಮದು ಸುಂಕ. 2020ರ ಫೆಬ್ರವರಿಯಲ್ಲಿ ಆಟಿಕೆ ಮೇಲಿನ ಸುಂಕ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಸರ್ಕಾರದ ಲೆಕ್ಕದಲ್ಲಿ 2018–19ರಲ್ಲಿ ಸುಮಾರು 37 ಕೋಟಿ ಡಾಲರ್ ಇದ್ದ ಆಟಿಕೆ ಆಮದು 2021–22ಕ್ಕೆ 11 ಕೋಟಿ ಡಾಲರ್‌ಗೆ ಇಳಿಯಿತು. ಜಾತ್ರೆಯಲ್ಲಿ “ಹೋದ ಸಲ ಇಷ್ಟಿರಲಿಲ್ಲಲ್ರೀ” ಅಂತ ಗಿರಾಕಿ ಜಗಳ ಆಡುವುದಕ್ಕೆ ಇದೂ ಒಂದು ಕಾರಣ.

ಒಂದು ಒಳ್ಳೆ ಸುದ್ದಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಎಲೆಕ್ಟ್ರಾನಿಕ್ ಆಟಿಕೆಗೆ ಶೇ 18 ಹಾಗೇ ಇದೆ. ಅಂದ್ರೆ 100 ರೂಪಾಯಿಯ ಕಟ್ಟಿಗೆ ಆಟಿಕೆಗೆ 5 ರೂಪಾಯಿ ತೆರಿಗೆ, 100 ರೂಪಾಯಿಯ ಲೈಟು ಹತ್ತುವ ಕಾರಿಗೆ 18 ರೂಪಾಯಿ. ಬಹಳ ವರ್ಷದ ಮೇಲೆ ಲೆಕ್ಕ ಸ್ವಲ್ಪ ಬುಗುರಿ ಕಡೆ ವಾಲಿದೆ.

ಕೊಪ್ಪಳ ಮಾಡಿದ್ದು, ಬೀದರ್ ಮಾಡಬಹುದಾದದ್ದು

ಕಲ್ಯಾಣ ಕರ್ನಾಟಕದ್ದೇ ಆದ ಕೊಪ್ಪಳ ಜಿಲ್ಲೆ ನೋಡಿ. ಕಿನ್ನಾಳದ ಹಗುರ ಮರದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ತೊಗಲುಗೊಂಬೆ ಆಡಿಸುವ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 96ನೇ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಪ್ರಶಸ್ತಿ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಆದರೆ ನಮ್ಮ ಜಾತ್ರೆಗಳಲ್ಲಿ ಪರದೆ ಕಟ್ಟಿ ಗೊಂಬೆ ಕುಣಿಸೋದು ಈಗ ಅಪರೂಪ. ಕರೆಸುವವರು ಇದ್ದರೆ ತಾನೆ ಕಲಾವಿದರು ಬರೋದು?

ಗುಣಮಟ್ಟ ಆದೇಶದಲ್ಲಿ ಕರಕುಶಲಿಗಳಿಗೆ ದಾರಿ ಬಿಟ್ಟಿದ್ದಾರೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಣಿ ಆದವರು ಮಾಡಿದ ಆಟಿಕೆಗೆ ಐಎಸ್‌ಐ ಗುರುತಿನಿಂದ ವಿನಾಯಿತಿ ಇದೆ. ಭೌಗೋಳಿಕ ಗುರುತು ಪಡೆದ ಚನ್ನಪಟ್ಟಣ, ಕಿನ್ನಾಳದಂಥ ಆಟಿಕೆಗೂ ಇದೆ. ಬುಗುರಿ ಕಡೆಯಬಲ್ಲ ಬಡಿಗರು ಹುಮನಾಬಾದ್, ಬಸವಕಲ್ಯಾಣದ ಹಳ್ಳಿಗಳಲ್ಲಿ ಇದ್ದರೆ ಅವರು ಕುಶಲಕರ್ಮಿಗಳಿಗೆ ಕೊಡುವ ‘ಪೆಹಚಾನ್’ ಕಾರ್ಡ್‌ಗೆ ಅರ್ಜಿ ಹಾಕುವುದು ಒಳ್ಳೆಯದು. ಪಂಚಾಯಿತಿಯವರು, ಯುವಕ ಸಂಘದವರು ಅರ್ಜಿ ತುಂಬಿಕೊಟ್ಟರೆ ಅದೇ ದೊಡ್ಡ ಸಹಾಯ.

ಅಂಗಡಿ ಹಾಕುವವರು ಇಷ್ಟು ನೋಡಿಕೊಳ್ಳಲಿ. ಬೇಗಂ ಬಜಾರಿನಲ್ಲಿ ಮಾಲು ಎತ್ತುವಾಗ ಬಿಲ್ ಕೇಳಿ ಪಡೆಯಬೇಕು. ಡಬ್ಬಿ ಮೇಲೆ ಐಎಸ್‌ಐ ಗುರುತಿನ ಹತ್ತಿರ ‘ಸಿಎಂ/ಎಲ್’ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತೆ. ಅದನ್ನು ಮೊಬೈಲಿನ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಲ್ಲೇ ಗೊತ್ತಾಗುತ್ತೆ. ಎಳ್ಳ ಅಮಾವಾಸ್ಯೆ, ಸಂಕ್ರಾಂತಿಗೆ ಗಾಳಿಪಟ ಮಾರುವವರು ನೈಲಾನ್ ದಾರದ ಚೀನಾ ಮಾಂಜಾ ಮುಟ್ಟಲೇಬಾರದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ಅದನ್ನು ದೇಶದಾದ್ಯಂತ ನಿಷೇಧಿಸಿದೆ. ಬೈಕಿನಲ್ಲಿ ಹೋಗುವವರ ಕುತ್ತಿಗೆ ಕುಯ್ಯುವ ದಾರ ಅದು.

ಇನ್ನು ಮಾರಾಟದ ಮಾತು. ಮಗುವಿಗೆ ಬುಗುರಿ ಆಡಿಸೋದು ಗೊತ್ತಿಲ್ಲ, ಅಪ್ಪನಿಗೆ ಗೊತ್ತಿದೆ. ಡಬ್ಬಿಯಲ್ಲಿ ಮುಚ್ಚಿಟ್ಟ ಬುಗುರಿ ಯಾರೂ ಕೊಳ್ಳಲ್ಲ. ಅಂಗಡಿ ಮುಂದೆ ನಾಲ್ಕು ಹೆಜ್ಜೆ ಜಾಗ ಬಿಟ್ಟು, ದಾರ ಸುತ್ತಿ ಬಿಟ್ಟು ತೋರಿಸಿದರೆ ಅಪ್ಪನ ಕೈ ತಾನೇ ಮುಂದೆ ಬರುತ್ತೆ, ಮಗು ಪಕ್ಕದಲ್ಲಿ ನಿಂತು ನೋಡುತ್ತೆ. ಆನ್‌ಲೈನ್ ಅಂಗಡಿಗೆ ಇದೊಂದು ಮಾತ್ರ ಆಗಲ್ಲ. ಜಾತ್ರೆ ಜಾಗ ಹಂಚುವವರು ಆಟಿಕೆ ಸಾಲಿನ ಪಕ್ಕದಲ್ಲಿ ಮಕ್ಕಳು ಆಡಲು ಒಂದು ಖಾಲಿ ಚೌಕ ಬಿಟ್ಟರೆ, ಅಂಗಡಿಯವರಿಗೂ ಮಕ್ಕಳಿಗೂ ಅಷ್ಟು ಸಾಕು.